ಲುಂಗಿಯ ಸೊಂಟ, ಕಿಲ್ಟಿನ ಸೊಂಟ

ವೇಸ್ಟ್‌ಕೋಟು ಏಳು, ಕೊರಳಿಗೆ ಕಟ್ಟುವುದು ಏಳು. ಕೆಲಸ ಅಂತ ನೋಡಿದರೆ ಇಷ್ಟೇ. ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ನಾನು ಕಟ್ಟಿಂಗ್ ಮಾಸ್ಟರ್ ಆಗಿರುವ ಅಂಗಡಿಯಲ್ಲಿ ಇಷ್ಟು ಕೆಲಸ ನಾಲ್ಕೈದು ದಿನದಲ್ಲಿ ಮುಗಿದುಹೋಗುತ್ತದೆ. ಇದು ಐದು ವಾರ ತಿಂದಿತು. ಬರೀ ವಾರಗಳನ್ನು ತಿಂದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ.

ಆರ್ಡರ್ ತಂದವಳು ನನ್ನ ತಂಗಿ. ಮದುವೆಗಳ ಏರ್ಪಾಡು ಮಾಡಿಕೊಡುವ ಒಂದು ಆಫೀಸಿನಲ್ಲಿ ಅವಳು ಆರು ವರ್ಷದಿಂದ ಮುಂಬಾಗಿಲ ಕುರ್ಚಿಯಲ್ಲಿ ಕೂತು ಫೋನ್ ಎತ್ತುತ್ತಿದ್ದಳು. ಆ ಸಲ ಮೊದಲ ಬಾರಿಗೆ ಒಂದು ಮದುವೆಯನ್ನು ಪೂರ್ತಿಯಾಗಿ ಅವಳ ಕೈಗೆ ಕೊಟ್ಟಿದ್ದರು. ಅದು ಸರಿಯಾಗಿ ನಡೆದರೆ ಮುಂದೆಯೂ ಮದುವೆಗಳನ್ನು ಅವಳೇ ನೋಡಿಕೊಳ್ಳಬಹುದು, ಇಲ್ಲವಾದರೆ ಮತ್ತೆ ಅದೇ ಕುರ್ಚಿ ಎಂದು ಅವಳ ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದರು. ಮ್ಯಾನೇಜರ್ ಲೆಬನಾನ್ ಕಡೆಯ ಹೆಂಗಸು. ಅರಬಿ, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಇಲ್ಲ.

ವರ ಸ್ಕಾಟ್ಲೆಂಡಿನವನು. ಅಬುಧಾಬಿಯ ಮುಸಫ್ಫಾದಲ್ಲಿ ತೈಲದ ಯಂತ್ರ ರಿಪೇರಿ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಅವನು, ಅವನ ತಂದೆ, ತಮ್ಮ, ನಾಲ್ವರು ಗೆಳೆಯರು, ಹೀಗೆ ಏಳು ಜನ ಮದುವೆಗೆ ಕಿಲ್ಟ್ ಉಡುವವರು. ಕಿಲ್ಟ್ ಅಂದರೆ ಅವರ ಊರಿನ ಗಂಡಸರು ಸಮಾರಂಭಕ್ಕೆ ಉಡುವ, ಹಿಂಭಾಗದಲ್ಲೆಲ್ಲ ನೆರಿಗೆ ಇರುವ ಚೌಕುಳಿ ಉಣ್ಣೆಯ ಬಟ್ಟೆ. ಕಿಲ್ಟೂ ಕೋಟೂ ಎಲ್ಲರ ಬಳಿ ಇತ್ತು. ಆದರೆ ಒಬ್ಬೊಬ್ಬರ ಕೋಟು ಒಂದೊಂದು ತರ. ಆದ್ದರಿಂದ ವೇಸ್ಟ್‌ಕೋಟು, ಟೈ ಮಾತ್ರ ಏಳೂ ಜನರಿಗೆ ಒಂದೇ ಬಟ್ಟೆಯಲ್ಲಿ ಹೊಲಿಸಿದರೆ ಫೋಟೋದಲ್ಲಿ ಒಂದೇ ತಂಡದಂತೆ ಕಾಣುತ್ತದೆ ಎಂದು ವಧುವಿನ ಲೆಕ್ಕ.

ಅಲ್ ನಹ್ದಾದ ತಂಗಿಯ ಮನೆಗೆ ನಾನು ರಜೆಯ ದಿನ ಊಟಕ್ಕೆ ಹೋಗುವವನು. ಅಲ್ಲಿಯೇ ಅವಳು ವಿಷಯ ತೆಗೆದದ್ದು. ನೆಂಟರ ಅಂಗಡಿಗೆ ಕೆಲಸ ಕೊಡಬಾರದು ಅಂತ ಅವಳ ಆಫೀಸಿನಲ್ಲಿ ನಿಯಮ ಉಂಟಂತೆ. ಹಾಗಾಗಿ ಅವರ ಮುಂದೆ ನಾನು ಅವಳಿಗೆ ಅಣ್ಣ ಅಲ್ಲ, ಬರೀ ಮಾಸ್ಟರ್.

"ನಿನ್ನ ಕೈ ನಂಗೆ ಗೊತ್ತುಂಟಲ್ಲ ಅಣ್ಣ, ಬೇರೆಯವ್ರಿಗೆ ಕೊಟ್ರೆ ನಂಗೆ ನಿದ್ರೆ ಬರ್ಲಿಕ್ಕಿಲ್ಲ" ಅಂದಳು.

ಅದರ ಜೊತೆಗೆ ಒಂದು ಕಾಗದ ಕೊಟ್ಟಳು. ಎರಡೂ ಬದಿ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ಕಿಲ್ಟಿನ ಬಗ್ಗೆ ತಿಳಿದವರನ್ನು ಕೇಳಿ, ಅಳತೆ ಹೇಗೆ ತೆಗೆಯಬೇಕು ಅಂತ ಅವಳೇ ಬರೆದದ್ದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಂಗ್ಲಿಷಿನಲ್ಲಿ ಅಂಕಿ ಓದುತ್ತೇನೆ, ಹೆಸರು ಕೂಡಿಸಿ ಓದುತ್ತೇನೆ, ಬೋರ್ಡು ಓದುತ್ತೇನೆ. ಉದ್ದ ವಾಕ್ಯ ಬಂದರೆ ಅಲ್ಲಿಗೆ ನಿಂತೆ. ಇದನ್ನು ನಾನು ಯಾರಿಗೂ ಹೇಳಿದವನಲ್ಲ. ಊರಿನಲ್ಲಿ ಎಲ್ಲರೂ ನಾನೇ ತಂಗಿಯನ್ನು ಓದಿಸಿದ್ದು ಅನ್ನುತ್ತಾರೆ. ಓದಿಸಿದವನೇ ಅವಳ ಮುಂದೆ ಕಾಗದ ಹಿಡಿದು "ಇದರಲ್ಲಿ ಎಂತ ಉಂಟು, ಓದಿ ಹೇಳು" ಅನ್ನುವುದು ಹೇಗೆ? ಮಡಚಿ ಜೇಬಿಗೆ ಹಾಕಿಕೊಂಡೆ. ಎರಡು ದಿನ ಬಿಟ್ಟು ಫೋನಿನಲ್ಲಿ ಕೇಳಿದಳು, "ಶೀಟ್ ಓದಿದ್ಯಾ?" ಓದಿದೆ ಅಂದೆ. ಮತ್ತೆ ಎರಡು ದಿನ ಬಿಟ್ಟು ಅದೇ ಪ್ರಶ್ನೆ. ನನಗೆ ಸಿಟ್ಟು ಬಂತು. ನಿನಗಿಂತ ಮೊದಲು ಟೇಪು ಹಿಡಿದವನು ನಾನು ಅಂದುಬಿಟ್ಟೆ.

ಅಳತೆಗೆ ಅವರು ಅಂಗಡಿಗೆ ಬರಲಿಲ್ಲ. ಪುರುಸೊತ್ತಿಲ್ಲವಂತೆ. ನಾನೇ ಬಸ್ಸು ಹಿಡಿದು ಅಬುಧಾಬಿಗೆ, ಅಲ್ಲಿಂದ ಮುಸಫ್ಫಾಕ್ಕೆ ಹೋದೆ. ವರನ ತಂದೆ ಇನ್ನೂ ಊರಿನಿಂದ ಬಂದಿರಲಿಲ್ಲ, ಅವರ ಎದೆ, ಹೊಟ್ಟೆಯ ಅಳತೆಯನ್ನು ಮಗನೇ ಚೀಟಿಯಲ್ಲಿ ಬರೆದುಕೊಟ್ಟ, ಉದ್ದ ತನ್ನಷ್ಟೇ ಅಂದ. ಉಳಿದ ಆರು ಜನ ಊಟದ ಬಿಡುವಿನಲ್ಲಿ, ವರ್ಕ್‌ಶಾಪಿನ ಕಬ್ಬಿಣದ ಸದ್ದಿನ ಮಧ್ಯೆ, ಪ್ಯಾಂಟಿನಲ್ಲೇ ಸಾಲಾಗಿ ನಿಂತರು. ಒಬ್ಬನ ಕೈಯಲ್ಲಿ ಸ್ಯಾಂಡ್‌ವಿಚ್, ಒಬ್ಬನ ಕಿವಿಯಲ್ಲಿ ಫೋನ್. ಎದೆ, ಹೊಟ್ಟೆ, ಭುಜ ತೆಗೆದೆ. ಮುಂಭಾಗದ ಉದ್ದಕ್ಕೆ ಕುತ್ತಿಗೆಯ ಮೂಳೆಯಿಂದ ಟೇಪು ಇಳಿಸಿ, ಪ್ಯಾಂಟಿನ ಬೆಲ್ಟು ಎಲ್ಲಿದೆಯೋ ಅಲ್ಲಿಗೆ ಒಂದು ಇಂಚು ಸೇರಿಸಿ ಪುಸ್ತಕದಲ್ಲಿ 'ಸೊಂಟ' ಅಂತ ಬರೆದುಕೊಂಡೆ.

ತಪ್ಪು ಆದದ್ದು ಅಲ್ಲಿ. ಕಿಲ್ಟ್ ಅಂದಾಗ ನನ್ನ ತಲೆಗೆ ಬಂದದ್ದು ನಮ್ಮ ಲುಂಗಿ. ಲುಂಗಿಯನ್ನು ನಾವು ಹೊಕ್ಕುಳಿನ ಕೆಳಗೆ ಕಟ್ಟುತ್ತೇವೆ, ಹೊಟ್ಟೆ ಇದ್ದವರು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಸೊಂಟ ಅಂದರೆ ನಮಗೆ ಆ ಜಾಗ. ಕಿಲ್ಟನ್ನು ಮಾತ್ರ ಹೊಕ್ಕುಳಿನ ಮೇಲೆ, ಪಕ್ಕೆಲುಬಿನ ಹತ್ತಿರ ಬಿಗಿಯುವುದು. ಇವರ ಸೊಂಟ ಅಲ್ಲಿ. ಜೇಬಿನಲ್ಲಿದ್ದ ಕಾಗದದಲ್ಲಿ ಮೂರನೇ ಸಾಲಿನಲ್ಲೇ ಅದು ಇತ್ತು, ಅಳತೆ ತೆಗೆಯುವಾಗ ಕಿಲ್ಟ್ ಉಟ್ಟಿರಲೇಬೇಕು ಅಂತಲೂ ಇತ್ತು. ನನಗೆ ಅದು ತಿಳಿದದ್ದು ಬಹಳ ತಡವಾಗಿ.

ಅಳತೆಯ ನಂತರ ಶುರುವಾಯಿತು ಟೈಯ ಗೋಳು. ಕೊರಳಿಗೆ ಎಂತ ಕಟ್ಟುತ್ತಾರೆ ಅಂತ ತೀರ್ಮಾನ ಆಗದೆ ವೇಸ್ಟ್‌ಕೋಟಿನ ಮುಂಭಾಗ ಕತ್ತರಿಸಲಿಕ್ಕೆ ಆಗುವುದಿಲ್ಲ. ಉದ್ದ ಟೈ ಆದರೆ ಐದು ಬಟನ್, ಕೊರಳು ಮೇಲೆ. ಚಿಟ್ಟೆಯ ಹಾಗೆ ಕಟ್ಟುವ ಬೋ ಆದರೆ ಮೂರು ಬಟನ್, ಕೊರಳನ್ನು ಕೆಳಗಿನ ತನಕ ತೆರೆದು ಅಂಗಿಯ ಎದೆ ಕಾಣುವ ಹಾಗೆ ಬಿಡಬೇಕು. ವರ ಉದ್ದ ಟೈ ಅಂದ. ಎರಡನೇ ದಿನ ಸ್ಕಾಟ್ಲೆಂಡಿನಿಂದ ಅವನ ತಂದೆಯ ಸಂದೇಶ: ತನ್ನದು ಬೆಳ್ಳಿಯ ಬಟನ್ ಇರುವ ಮೋಟು ಕಪ್ಪು ಕೋಟು, ಅದಕ್ಕೆ ಬೋ ಬಿಟ್ಟು ಬೇರೆ ಕಟ್ಟುವುದಿಲ್ಲ, ಮಗನ ಮದುವೆಯಲ್ಲಿ ಬ್ಯಾಂಕಿನ ಗುಮಾಸ್ತನ ಹಾಗೆ ನಿಲ್ಲುವವ ತಾನಲ್ಲ. ತಂಗಿ ಇದನ್ನು ನನಗೆ ವಾಯ್ಸ್ ಮೆಸೇಜಿನಲ್ಲಿ ಹೇಳಿ, ಫೈನಲ್ ಅಣ್ಣ, ಬೋ ಅಂದಳು. ಸಂಜೆ ಮತ್ತೊಂದು ಮೆಸೇಜು: ಇಲ್ಲ, ಉದ್ದ ಟೈ, ಇದು ಫೈನಲ್ ಫೈನಲ್. ಮೂರನೇ ದಿನ ವರನ ತಾಯಿ ಎಲ್ಲಿಯೋ ಒಂದು ಫೋಟೋ ನೋಡಿದರು. ಅದು ಟೈಯೂ ಅಲ್ಲ ಬೋವೂ ಅಲ್ಲ, ಕೊರಳ ಕೆಳಗೆ ಬಟ್ಟೆಯನ್ನು ಮುದುಡಿ ಪಿನ್ನು ಚುಚ್ಚುವುದು. ಹಿಂದೆ ಇಲಾಸ್ಟಿಕ್ ಇಟ್ಟು, ಮುಂದೆ ನೆರಿಗೆ ಹಿಡಿದು ಒಂದು ಸ್ಯಾಂಪಲ್ ಮಾಡಿ ಕಳಿಸಿದೆ. ವರ ಹಾಕಿಕೊಂಡದ್ದನ್ನು ನೋಡಿ ಗೆಳೆಯರು ಗಿಫ್ಟ್ ಪ್ಯಾಕೆಟ್ಟು ಅಂತ ನಕ್ಕರಂತೆ. ಆ ಸ್ಯಾಂಪಲ್ ಖಲಾಸ್.

ಬಣ್ಣದ ಕಥೆ ಬೇರೆಯೇ. ವಧುವಿಗೆ ಟೈ ಒಣಗಿದ ಗುಲಾಬಿಯ ಬಣ್ಣದ್ದು ಬೇಕು. ಫೋಟೋ ಕಳಿಸಿದಳು. ನನ್ನ ಫೋನಿನಲ್ಲಿ ಅದು ಮಾಸಿದ ಹೆಂಚಿನ ಬಣ್ಣ. ತಂಗಿಯ ಫೋನಿನಲ್ಲಿ ನೇರಳೆ. ನಮ್ಮ ಅಂಗಡಿಯ ಯಜಮಾನರು ಉಳ್ಳಾಲದ ಬ್ಯಾರಿ, ಹಾಜಿಯವರು, ಕನ್ನಡಕ ಏರಿಸಿ ನೋಡಿ "ಇದು ತೊಳೆದ ಮಾಂಸದ ಬಣ್ಣ ಮಾಸ್ಟ್ರೇ" ಅಂದರು. ಆಮೇಲೆ, "ಗಂಡಸರಿಗೆ ಲಂಗದ ಮೇಲೆ ಹಾಕ್ಲಿಕ್ಕೆ ಕೋಟಾ? ಹೊಲೀರಿ, ಹೊಲೀರಿ, ನಮ್ಮ ಅಂಗಡಿಗೆ ಅದೊಂದು ಬಾಕಿ ಇತ್ತು" ಅಂತ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ನಾನು ದೇರಾದ ಸ್ಯಾಟಿನ್ ಅಂಗಡಿಗಳಿಗೆಲ್ಲ ಹೋಗಿ ಹದಿನಾಲ್ಕು ತುಂಡು ತಂದು ತಂಗಿಗೆ ಕಳಿಸಿದೆ. ಹದಿನಾಲ್ಕೂ ಅಲ್ಲ. ಮೂರನೇ ವಾರದಲ್ಲಿ ವಧುವಿನ ಗೆಳತಿಯರ ಗೌನಿನ ಒಂದು ಬಟ್ಟೆ ತುಂಡು ಕೈಗೆ ಬಂತು. ನೋಡಿದರೆ ನಾನು ಮೊದಲ ದಿನ ತಂದ ಎರಡನೇ ತುಂಡಿನದ್ದೇ ಬಣ್ಣ. ಮತ್ತೆ ದೇರಾಕ್ಕೆ ಹೋಗಿ ಅದನ್ನೇ ಏಳು ಟೈಗೆ ಆಗುವಷ್ಟು ತಂದೆ.

ಕಡೆಗೆ ವರನ ಮಾತೇ ನಿಂತಿತು: ಉದ್ದ ಟೈ, ಐದು ಬಟನ್. ತಂದೆಯನ್ನು ಒಪ್ಪಿಸುವುದು ತನ್ನ ಜವಾಬ್ದಾರಿ ಅಂದ. ಬೂದು ಬಣ್ಣದ ತೆಳು ಉಣ್ಣೆಯಲ್ಲಿ ಕತ್ತರಿಸಿದೆ. ಒಳಗೆ ಕ್ಯಾನ್ವಾಸ್, ಬೆನ್ನಿಗೆ ಟೈಯದೇ ಬಣ್ಣದ ಲೈನಿಂಗ್, ಕೈಯಲ್ಲಿ ಹೊಲಿದ ಕಾಜಾ. ಕೆಲಸ ಚೆನ್ನಾಗಿ ಬಂದಿತ್ತು. ಚೆನ್ನಾಗಿ ಬಂದಿದೆ ಅಂತ ಟ್ರಯಲಿಗೆ ಮೊದಲೇ ಪೂರ್ತಿ ಹೊಲಿದುಬಿಟ್ಟೆ. ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಅದೂ ಒಂದು ಅಹಂಕಾರವೇ.

ಟ್ರಯಲ್ ಮದುವೆಗೆ ಎಂಟು ದಿನ ಇರುವಾಗ, ಅಬುಧಾಬಿಯ ಸಮುದ್ರ ಬದಿಯ ಹೋಟೆಲಿನ ಒಂದು ಕೋಣೆಯಲ್ಲಿ. ವರನ ತಂದೆ ಆಗ ಬಂದಿದ್ದರು. ಎಪ್ಪತ್ತು ದಾಟಿದ, ನೆಟ್ಟಗಿನ ಮನುಷ್ಯ. ಮ್ಯಾನೇಜರೂ ಬಂದಿದ್ದರು, ತಂಗಿಯ ಕೆಲಸ ನೋಡಲಿಕ್ಕೆ. ಏಳು ಜನ ಒಳಗೆ ಹೋಗಿ ಕಿಲ್ಟ್ ಉಟ್ಟು, ವೇಸ್ಟ್‌ಕೋಟು ಹಾಕಿ ಹೊರಗೆ ಬಂದರು.

ಏಳು ಅಡುಗೆಯವರು ಬಂದ ಹಾಗಿತ್ತು. ಕಿಲ್ಟಿನ ಪಟ್ಟಿ ಹೊಕ್ಕುಳಿನ ಮೇಲೆ, ನನ್ನ ವೇಸ್ಟ್‌ಕೋಟು ಅದಕ್ಕಿಂತ ಎಷ್ಟೋ ಕೆಳಗೆ, ಏಪ್ರನ್ನಿನ ಹಾಗೆ ಹೊಟ್ಟೆಯ ಮೇಲೆ ಇಳಿದು ಹಿಂದಿನ ನೆರಿಗೆಗೆ ತಾಗಿ ಸುಕ್ಕುಗಟ್ಟಿತ್ತು. ಮೇಲೆ ಮೋಟು ಕೋಟು ಹಾಕಿದರೆ ಅದರ ಕೆಳಗೆ ಇನ್ನೂ ನಾಲ್ಕು ಬೆರಳು ಬೂದು ಬಟ್ಟೆ. ಗೆಳೆಯರು ಒಬ್ಬರನ್ನೊಬ್ಬರು ನೋಡಿ ನಕ್ಕರು. ವರ ನಗಲಿಲ್ಲ. ಅವನ ತಂದೆ ಕನ್ನಡಿಯ ಮುಂದೆ ನಿಂತು ವೇಸ್ಟ್‌ಕೋಟಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು, ಅಷ್ಟೇ.

ಅಳತೆ ತೆಗೆದದ್ದು ಯಾರು, ಹೇಗೆ ಅಂತ ಮ್ಯಾನೇಜರ್ ನನ್ನನ್ನೇ ನೋಡಿ ಕೇಳಿದರು.

ನಾನು ಜೇಬಿನಿಂದ ಕಾಗದ ತೆಗೆದು ಅವರ ಮುಂದೆ ಹಿಡಿದೆ. "ಮೇಡಂ ಪೇಪರ್. ಐ ಫಾಲೋ" ಅಂದೆ. ಬೆರಳು ತಂಗಿಯ ಕಡೆಗೆ ತೋರಿಸಿದೆ.

ಆ ಬೆರಳನ್ನು ನಾನು ಈಗಲೂ ನೋಡಿಕೊಳ್ಳುತ್ತೇನೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಕೆಲಸ ಹೋಗುವ ಭಯವೂ ಇರಲಿಲ್ಲ. ಓದಲು ಬಾರದವನು ಅಂತ ಆ ಕೋಣೆಯಲ್ಲಿ ಗೊತ್ತಾಗಬಾರದು, ಅಷ್ಟೇ ನನಗೆ ಬೇಕಾದದ್ದು. ಮ್ಯಾನೇಜರ್ ಕಾಗದವನ್ನು ತೆಗೆದುಕೊಂಡು ಓದಿದ್ದರೆ ನಾನು ಅಲ್ಲಿಯೇ ಸಿಕ್ಕಿಬೀಳುತ್ತಿದ್ದೆ. ಅವರು ಓದಲಿಲ್ಲ. ತಂಗಿಯನ್ನು ನೋಡಿದರು.

ತಂಗಿ ಒಂದು ಕ್ಷಣ ನನ್ನ ಕಡೆ ತಿರುಗಿದಳು. ಆಮೇಲೆ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ತಪ್ಪು ತನ್ನದು, ಎಂಟು ದಿನದಲ್ಲಿ ಸರಿ ಮಾಡಿಸಿ ಕೊಡುತ್ತೇನೆ ಅಂದಳು. ಕಾಗದವನ್ನು ನನ್ನ ಕೈಯಿಂದ ತೆಗೆದು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

ಪಾರ್ಕಿಂಗಿನಲ್ಲಿ ಬಿಸಿಲು. ಅವಳು ಕಾರಿನ ಬಾಗಿಲು ತೆರೆದು ಹಾಗೇ ನಿಂತಿದ್ದಳು. ನಾನೇ ಶುರು ಮಾಡಿದೆ, ಎಂತೆಂತದೋ ಹೇಳಿದೆ, ಈ ಜನ ವಾರಕ್ಕೆ ಮೂರು ಸಲ ಮಾತು ಬದಲಿಸಿದರೆ ಯಾರ ತಲೆ ನೆಟ್ಟಗಿರುತ್ತದೆ ಅಂತೆಲ್ಲ. ಅವಳು ಕೇಳಿಸಿಕೊಂಡಳು.

"ನಿಂಗೆ ಓದ್ಲಿಕ್ಕೆ ಆಗುದಿಲ್ಲ ಅಂತ ನಂಗೆ ಗೊತ್ತುಂಟು ಅಣ್ಣ. ಅದಕ್ಕೇ ಎರಡೆರಡು ಸಲ ಕೇಳಿದ್ದು."

"ಗೊತ್ತಿದ್ರೆ ನೀನೇ ಓದಿ ಹೇಳ್ಬಹುದಿತ್ತಲ್ಲ?"

"ಹೇಳ್ಬಹುದಿತ್ತು. ನಿಂಗೆ ಬೇಜಾರಾಗ್ತದೆ ಅಂತ ಬಿಟ್ಟೆ." ಬ್ಯಾಗನ್ನು ಸೀಟಿನ ಮೇಲೆ ಎಸೆದಳು. "ಈಗ ಅದು ಬಿಡು. ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಾ, ಅದು ಹೇಳು."

ಬಸ್ಸಿನಲ್ಲಿ ದುಬೈಗೆ ಬರುವಾಗ ಏಳನ್ನೂ ಮಡಿಲಲ್ಲಿ ಇಟ್ಟುಕೊಂಡು ಲೆಕ್ಕ ಹಾಕಿದೆ. ಎರಡೂವರೆ ಇಂಚು ಹೆಚ್ಚು. ಕೆಳಗಿನಿಂದ ಕತ್ತರಿಸುವ ಹಾಗಿಲ್ಲ. ಕತ್ತರಿಸಿದರೆ ಕೊನೆಯ ಬಟನ್ ಅಂಚಿನ ಮೇಲೆ ಕೂರುತ್ತದೆ, ಜೇಬು ಕೆಳಗೆ ಜಾರಿದ ಹಾಗೆ ಕಾಣುತ್ತದೆ. ಹೊಸತಾಗಿ ಏಳು ಹೊಲಿಯಲು ಅದೇ ಬಟ್ಟೆ ಸಿಗುವುದಿಲ್ಲ, ಆ ಥಾನು ಮುಗಿದಿತ್ತು. ನನ್ನ ಬಳಿ ಉಳಿದದ್ದು ಹೆಚ್ಚೆಂದರೆ ಒಂದು ವೇಸ್ಟ್‌ಕೋಟಿಗೆ ಸಾಕಾಗುವಷ್ಟು.

ಒಂದು ದಾರಿ ಇತ್ತು, ಕಷ್ಟದ್ದು. ಭುಜದ ಹೊಲಿಗೆ ಬಿಚ್ಚಿ ಇಡೀ ಮೈಯನ್ನು ಮೇಲೆತ್ತುವುದು. ಆಗ ಬಟನ್, ಜೇಬು, ಅಂಚು ಎಲ್ಲವೂ ಒಟ್ಟಿಗೆ ಮೇಲೆ ಬರುತ್ತವೆ. ಕಂಕುಳು ಬಿಗಿಯಾಗುತ್ತದೆ, ಅದನ್ನು ಮತ್ತೆ ಕೆಳಗೆ ಕೊರೆಯಬೇಕು. ಬೆನ್ನಿನ ಲೈನಿಂಗ್ ಬಿಚ್ಚಬೇಕು, ಹಿಂಗೊರಳು ಹೊಸತಾಗಿ ತೆಗೆಯಬೇಕು. ಇಷ್ಟು ಮಾಡಿದರೆ ಮುಂದಿನ ಕೊರಳು ಎರಡೂವರೆ ಇಂಚು ಮೇಲೇರುತ್ತದೆ. ಉದ್ದ ಟೈಗೆ ಅದು ಚೆನ್ನಾಗಿಯೇ ಕಾಣುತ್ತದೆ. ಬೋ ಕಟ್ಟಿದರೆ ಮಾತ್ರ ಅಂಗಿಯೇ ಕಾಣದೆ, ಗಲ್ಲದ ಕೆಳಗೆ ಚಿಟ್ಟೆ ಸಿಕ್ಕಿಹಾಕಿಕೊಂಡ ಹಾಗೆ.

ಮರುದಿನ ತಂಗಿಯ ಮೆಸೇಜು. ವರನ ತಂದೆ ಒಪ್ಪಿಲ್ಲ. ಬೋ ಇಲ್ಲದಿದ್ದರೆ ತನ್ನ ಹಳೆಯ ವೇಸ್ಟ್‌ಕೋಟೇ ಹಾಕುತ್ತಾರಂತೆ. ಅಪ್ಪ ಹಾಗೆ ಮಾಡಿದರೆ ತಾನೂ ಈ ವೇಸ್ಟ್‌ಕೋಟು ಹಾಕುವುದಿಲ್ಲ ಅಂತ ವರ. ಅಪ್ಪ ಮಗ ಟೈಗಾಗಿ ಮಾತು ಬಿಟ್ಟಿದ್ದಾರೆ ಅಂತ ಮ್ಯಾನೇಜರಿಗೆ ತಲುಪಿದರೆ ತಂಗಿಯ ಕಥೆ ಮುಗಿಯಿತು. ನಾಲ್ಕು ವಾರದಿಂದ ಈ ಬೋವೂ ಈ ಟೈಯೂ ಮೆಸೇಜಿನಿಂದ ಮೆಸೇಜಿಗೆ ಓಡಾಡುತ್ತಿದ್ದವೇ ಹೊರತು ಆ ದೊಡ್ಡ ಮನುಷ್ಯರನ್ನು ಎದುರು ಕೂತು ಕೇಳಿದವರು ಒಬ್ಬರೂ ಇರಲಿಲ್ಲ. ಟೇಪು, ಸೀಮೆಸುಣ್ಣ, ಉಳಿದ ಬಟ್ಟೆ ಚೀಲಕ್ಕೆ ಹಾಕಿ ಮತ್ತೆ ಬಸ್ಸು ಹತ್ತಿದೆ. ತಂಗಿಗೆ ಹೋಗುತ್ತೇನೆ ಅಂತ ಮಾತ್ರ ಹೇಳಿದೆ.

ವರನ ತಂದೆ ಹೋಟೆಲಿನ ಕೋಣೆಯ ಬಾಗಿಲು ತೆರೆದು ನನ್ನನ್ನೂ ಚೀಲವನ್ನೂ ನೋಡಿದರು. ನಾನು ಬಟ್ಟೆ ಬಿಡಿಸಿ ತೋರಿಸಿ, ಕೊರಳಿನಲ್ಲಿ ಬೋವಿನ ಸನ್ನೆ ಮಾಡಿ, "ಒನ್. ಓನ್ಲಿ ಯೂ" ಅಂದೆ. ಅವರಿಗೆ ತಿಳಿಯಿತು. ಒಳಗೆ ಹೋಗಿ ಕಿಲ್ಟ್ ಉಟ್ಟು ಬಂದರು. ನಾನು ಟೇಪು ಇಳಿಸುವಾಗ ನನ್ನ ಕೈ ಹಿಡಿದು, ಹೆಬ್ಬೆರಳನ್ನು ತನ್ನ ಹೊಕ್ಕುಳಿಗಿಂತ ಮೇಲೆ ಒತ್ತಿ, "ವೇಸ್ಟ್" ಅಂದರು, ಸೊಂಟ ಇಲ್ಲಿ ಅಂತ. ಶಾಲೆಯ ಮೇಷ್ಟರ ಹಾಗೆ ಎರಡು ಸಲ. ಮೂರು ಬಟನ್, ಕೊರಳು ಕೆಳಗೆ, ಕಪ್ಪು ಬೋ. ಅಲ್ಲಿಂದಲೇ ಮಗನಿಗೆ ಫೋನ್ ಮಾಡಿದರು. ತಾನು ಬೋ, ಉಳಿದವರು ಟೈ, ಹಿರಿಯನೊಬ್ಬ ಬೇರೆಯಾಗಿ ಕಂಡರೆ ಒಳ್ಳೆಯದೇ ಎಂಬ ಅರ್ಥದಲ್ಲಿ ಏನೋ ಹೇಳಿ ನಕ್ಕರು. ನಾಲ್ಕು ವಾರದ ಗಂಟು ಒಂದು ಲೋಟ ಚಹಾ ಆರುವಷ್ಟರಲ್ಲಿ ಬಿಚ್ಚಿತು. ನನಗೆ ಸಂತೋಷಕ್ಕಿಂತ ಹೆಚ್ಚು ಸಿಟ್ಟೇ ಬಂತು.

ಆ ವಾರ ಬೇರೆ ಗಿರಾಕಿಗಳ ಬಟ್ಟೆಯನ್ನೆಲ್ಲ ಹಾಜಿಯವರು ಇನ್ನೊಬ್ಬ ಟೈಲರಿಗೆ ಕೊಟ್ಟು ನನ್ನನ್ನು ಬಿಟ್ಟುಬಿಟ್ಟರು. ಆರನ್ನು ಬಿಚ್ಚಿದೆ, ಎತ್ತಿದೆ, ಕೊರೆದೆ. ಏಳನೆಯದನ್ನು ಹೊಸತಾಗಿ ಕತ್ತರಿಸಿದೆ. ಒಂದೊಂದನ್ನೂ ಬೊಂಬೆಗೆ ಹಾಕಿ, ಹೊಕ್ಕುಳಿನ ಮೇಲಿನ ಆ ಜಾಗದಲ್ಲಿ ಕಟ್ಟಿದ ಕೆಂಪು ದಾರಕ್ಕೆ ಹಿಡಿದು ನೋಡಿದೆ.

ಮದುವೆಯ ದಿನ ಸೂಜಿ ದಾರ ಹಿಡಿದು ಹೋಟೆಲಿನ ಹುಲ್ಲಿನ ಬದಿಯಲ್ಲಿ ನಿಂತಿದ್ದೆ. ಒಂದು ಹೊಲಿಗೆಯೂ ಬೇಕಾಗಲಿಲ್ಲ. ಆರು ಟೈ, ಒಂದು ಬೋ, ಏಳು ಬೂದು ಅಂಚುಗಳು ಕಿಲ್ಟಿನ ಪಟ್ಟಿಯನ್ನು ಒಂದಿಂಚು ಮುಚ್ಚಿ ಒಂದೇ ಗೆರೆಯಲ್ಲಿ. ತಂಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅವಳು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಾಳೆ ಅಂತ ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಫೋಟೋ ಮುಗಿದ ಮೇಲೆ ಮ್ಯಾನೇಜರ್ ನನ್ನ ಹತ್ತಿರ ಬಂದರು, ತಂಗಿಯೂ ಜೊತೆಗಿದ್ದಳು. ಮ್ಯಾನೇಜರ್ ವೇಸ್ಟ್‌ಕೋಟು ಹೊಗಳಿದರು. ಹೇಳುವುದಿದ್ದರೆ ಈಗಲೇ ಅಂತ ಅನಿಸಿತು. ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದ ಮಾತನ್ನು ಹೇಳಿಯೇ ಬಿಟ್ಟೆ. "ಮೇಡಂ ನೋ ಮಿಸ್ಟೇಕ್."

ಮೇಡಂ ಅಂದದ್ದು ತಂಗಿಯನ್ನು. ಆದರೆ ನಾನು ನೋಡುತ್ತಿದ್ದದ್ದು ಮ್ಯಾನೇಜರನ್ನು.

"ಯೆಸ್, ಯೆಸ್, ನೋ ಮಿಸ್ಟೇಕ್" ಅಂತ ಅವರು ನನ್ನ ಭುಜ ತಟ್ಟಿದರು.

ನಾನು ತಲೆ ಅಲ್ಲಾಡಿಸಿ ತಂಗಿಯ ಕಡೆ ತಿರುಗಿದೆ. "ನೀನೇ ಹೇಳು ಅವ್ರಿಗೆ. ಕಾಗದ ಸರಿ ಇತ್ತು, ಓದ್ಲಿಕ್ಕೆ ಬಾರದೆ ಅಳತೆ ತಪ್ಪಿಸಿದ್ದು ನಾನು, ಅವತ್ತು ಸುಳ್ಳು ಹೇಳಿದ್ದು ನಾನು ಅಂತ ಹೇಳು."

ಮ್ಯಾನೇಜರ್ ನಗುತ್ತಾ ಅವಳ ಮುಖ ನೋಡಿದರು, ಏನಂತೆ ಅಂತ. ತಂಗಿ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಪೂರ್ತಿ ತಿಳಿಯಿತು, ಅಷ್ಟು ಸಣ್ಣ ಮಾತು: ಅವಕಾಶ ಕೊಟ್ಟದ್ದಕ್ಕೆ ಮಾಸ್ಟರ್ ಥ್ಯಾಂಕ್ಸ್ ಹೇಳುತ್ತಿದ್ದಾರೆ.

ಮ್ಯಾನೇಜರ್ ಅತ್ತ ಹೋದ ಮೇಲೆ ಯಾಕೆ ಹಾಗೆ ಮಾಡಿದೆ ಅಂತ ಕೇಳಿದೆ.

"ಎಂತ ಹೇಳುದು? ಓದ್ಲಿಕ್ಕೆ ಬಾರದವರಿಗೆ ಕೆಲಸ ಯಾಕೆ ಕೊಟ್ಟೆ ಅಂತ ಕೇಳ್ತಾರೆ. ಅಣ್ಣ ಅಂತ ಕೊಟ್ಟೆ ಅನ್ಬೇಕು. ಆಮೇಲೆ ಆ ಕುರ್ಚಿಯೂ ಇಲ್ಲ." ಕಿವಿಯ ವೈರಿನಲ್ಲಿ ಯಾರೋ ಕರೆದರು. "ನೀನು ಊಟ ಮಾಡಿ ಹೋಗು" ಅಂತ ಹೇಳಿ ಹೋದಳು.

ಸುಳ್ಳು ಹೇಳಲಿಕ್ಕೆ ನನ್ನ ನಾಲ್ಕು ಮಾತಿನ ಇಂಗ್ಲಿಷ್ ಸಾಕಾಗಿತ್ತು. ನಿಜ ಹೇಳಲಿಕ್ಕೆ ಸಾಕಾಗಲಿಲ್ಲ.

ಮುಂದಿನ ಮದುವೆಯನ್ನು ಆಫೀಸಿನವರು ಬೇರೆ ಹುಡುಗಿಗೆ ಕೊಟ್ಟರು. ಕೆಲಸ ಒಳ್ಳೆಯದೇ, ಆದರೆ ಅಳತೆಯಂಥ ಸಣ್ಣ ವಿಷಯದಲ್ಲಿ ತಪ್ಪುತ್ತಾಳೆ ಅಂತ ಮ್ಯಾನೇಜರ್ ಅಂದರಂತೆ. ತಂಗಿ ಮತ್ತೆ ಮುಂಬಾಗಿಲಿಗೆ ಬಂದಳು. ಆ ಆಫೀಸಿನ ಹೊಲಿಗೆ ಕೆಲಸ ಮಾತ್ರ ಈಗ ನನಗೇ ಬರುತ್ತದೆ, ತಿಂಗಳಿಗೆ ಎರಡೋ ಮೂರೋ. ಬಂದ ಶೀಟನ್ನೆಲ್ಲ ತಂಗಿಯೇ ಫೋನಿನಲ್ಲಿ ಸಾಲು ಸಾಲಾಗಿ ಓದಿ ಹೇಳುತ್ತಾಳೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಹೋಟೆಲಿನ ಆ ದಿನದ ಮಾತನ್ನು ಅವಳಾಗಿ ಎತ್ತುವುದಿಲ್ಲ. ನಾನು ಎತ್ತಿದರೆ ಬೇರೆ ಕಾಲ್ ಬರ್ತಾ ಉಂಟು ಅನ್ನುತ್ತಾಳೆ.

ಇಂಗ್ಲಿಷ್ ಬಲ್ಲ ಗೆಳೆಯರು ನನಗೆ ಇಲ್ಲವೆಂದಲ್ಲ. ಒಂದು ಪತ್ರ ಬರೆಸಿ, ಅಣ್ಣ ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ, ಆ ಮ್ಯಾನೇಜರಿಗೆ ಕೊಡಿಸಬಹುದಿತ್ತು. ಅದನ್ನು ಮಾಡಲಿಲ್ಲ. ಇದನ್ನು ಬರೆದೆ. ಅವರಿಗೆ ಕನ್ನಡ ಬರುವುದಿಲ್ಲ ಅಂತ ಗೊತ್ತಿದ್ದೇ ಬರೆದೆ.